ಬೈದುಕೊಂಡು ನೋಡಿದರೂ ಲೆಕ್ಕಕ್ಕೆ ಬರುತ್ತದೆ

ದಾವಣಗೆರೆಯ ಓದುಗರೊಬ್ಬರ ಪತ್ರ: "ಸಂಜೆ ಆರೂವರೆಯಿಂದ ಹತ್ತರವರೆಗೆ ನಮ್ಮನೆಯಲ್ಲಿ ಧಾರಾವಾಹಿಯದೇ ಕಾರುಬಾರು. ಸೊಸೆಯ ಹಾಲಿಗೆ ವಿಷ ಬೆರೆಸುವ ಅತ್ತೆ, ರೇಷ್ಮೆ ಸೀರೆಯಲ್ಲೇ ಮಲಗುವ ನಾದಿನಿ. ಇದರಿಂದ ಮನೆಗಳು ಹಾಳಾಗುತ್ತಿವೆ. ನೀವು ಯಾಕೆ ಖಾರವಾಗಿ ಬರೆಯುವುದಿಲ್ಲ?"

ಸಂಪಾದಕರ ಉತ್ತರ:

ರೇಷ್ಮೆ ಸೀರೆಯ ಬಗ್ಗೆ ನನ್ನದೂ ತಕರಾರಿದೆ. ಆದರೆ ಮನೆ ಹಾಳಾಗುವ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪಲಾರೆ. ಅತ್ತೆ-ಸೊಸೆ ಜಗಳ ಟೀವಿಗಿಂತ ಹಳೆಯದು, ಬೀಸುವ ಕಲ್ಲಿನ ಪದಗಳಲ್ಲೇ ಇದೆ. ನಮ್ಮಮ್ಮ ಧಾರಾವಾಹಿಯ ಅತ್ತೆಗೆ "ನಿನ್ ಕೈ ಸೇದ್ಹೋಗ" ಅಂತ ಶಾಪ ಹಾಕುತ್ತಾರೆ. ಜಾಹೀರಾತು ಬಂದ ಕೂಡಲೇ ಎದ್ದು ಸೊಸೆಗೆ ಕಾಫಿ ಬಿಸಿ ಮಾಡಿ ಕೊಡುತ್ತಾರೆ.

ನನ್ನ ಚಿಂತೆ ಬೇರೆ. ಒಂದು ಕಪಾಳಮೋಕ್ಷವನ್ನೇ ತಗೊಳ್ಳಿ. ಕೈ ಮೇಲೇಳುತ್ತದೆ. ಸಿಡಿಲಿನ ಸದ್ದು. ಸುತ್ತ ನಿಂತ ಆರು ಜನರ ಮುಖ ಒಂದೊಂದಾಗಿ. ಮತ್ತೆ ಅದೇ ಕೈ, ಇನ್ನೊಂದು ಕಡೆಯಿಂದ. ಏಟು ಬೀಳುವುದು ನಾಳೆ! ವಾರಕ್ಕೆ ಐದಾರು ಕಂತು ಕೊಡಲೇಬೇಕು ಅಂದರೆ ಪಾಪ, ಬರೆಯುವವರು ಎಳೆಯದೆ ಏನು ಮಾಡಿಯಾರು?

ಎಳೆದರೂ ನಡೆಯುತ್ತದೆ, ಯಾಕೆಂದರೆ ಲೆಕ್ಕ ಹಾಗಿದೆ. ಟೀವಿಯಲ್ಲಿ ಯಾವುದನ್ನು ಎಷ್ಟು ಜನ ನೋಡುತ್ತಾರೆ ಅಂತ ಅಳೆಯುವ ಬಾರ್ಕ್ ಸಂಸ್ಥೆ ಆಯ್ದ ಮನೆಗಳ ಟೀವಿಗೆ ಮೀಟರ್ ಇಟ್ಟಿರುತ್ತದೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್, ನೋಡಲು ಕೂತಾಗ ಒತ್ತಬೇಕು. ಯಾವ ಚಾನೆಲ್ಲು, ಎಷ್ಟು ಹೊತ್ತು ಅಂತ ಅದಕ್ಕೆ ಗೊತ್ತಾಗುತ್ತದೆ. ಮೆಚ್ಚಿ ನೋಡಿದಿರೋ ಬೈದುಕೊಂಡು ನೋಡಿದಿರೋ ಅನ್ನುವುದಕ್ಕೆ ಬಟನ್ ಇಲ್ಲ. ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತದೆ. ಇಳಿದರೆ ನಾಯಕನಿಗೆ ಅಪಘಾತ, ನೆನಪು ಮಾಯ, ಎಲ್ಲಿಂದಲೋ ಒಬ್ಬಳು ಅವಳಿ ತಂಗಿ. ನೀವು ಹತ್ತರವರೆಗೆ ಗೊಣಗುತ್ತಾ ಕೂತಿದ್ದಿರಿ, ಅಲ್ವಾ?

"ಜನಕ್ಕೆ ಬೇಕಾಗಿರೋದೇ ಇದು" ಅನ್ನುತ್ತಾರಲ್ಲ, ಅದನ್ನೂ ನಾನು ನಂಬುವುದಿಲ್ಲ. 1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ' ಧಾರಾವಾಹಿ ಬರುತ್ತಿತ್ತು. ಸಾಮಾನ್ಯ ಮನೆಗಳ ಸಾಮಾನ್ಯ ಕಷ್ಟಸುಖ. ಆ ಹೊತ್ತಿಗೆ ಮನೆಗೆಲಸ ಮುಗಿಸಿ ಕಾದು ಕೂರುತ್ತಿದ್ದರು, ಇದೇ ಜನ.

ಇನ್ನು ಖಾರದ ವಿಷಯ. ನಾವೂ ಸಾಚಾ ಅಲ್ಲ. ಧಾರಾವಾಹಿ ನಟಿಯ ಫೋಟೊ ಮುಖಪುಟದಲ್ಲಿದ್ದರೆ ಪತ್ರಿಕೆ ಜಾಸ್ತಿ ಹೋಗುತ್ತದೆ, ಹಾಗಾಗಿ ಹಾಕುತ್ತೇವೆ. ಶುಕ್ರವಾರ ಬಂದ ಸಿನಿಮಾಕ್ಕೆ ಭಾನುವಾರದೊಳಗೆ ವಿಮರ್ಶೆ ಬರೆಯುತ್ತೇವೆ. ಸಾವಿರ ಕಂತು ಓಡಿದ ಧಾರಾವಾಹಿಗೆ ಒಂದು ಪ್ಯಾರಾನೂ ಇಲ್ಲ. ಸುಮ್ನೆ "ಎಲ್ಲ ಕಸ" ಅಂದುಬಿಡುವುದು ಸುಲಭ. ಕೂತು ನೋಡಿ ಬರೆಯುವುದು ಕಷ್ಟ.

ಮುಂದಿನ ತಿಂಗಳಿಂದ ಅದಕ್ಕೊಂದು ಪುಟ ಇಡುತ್ತಿದ್ದೇವೆ. ಒಂದು ಧಾರಾವಾಹಿ, ಒಂದು ವಾರದ ಎಲ್ಲ ಕಂತು. ಮೊದಲನೆಯದನ್ನು ನೀವೇ ಬರೆದು ಕಳಿಸಿ. ಆ ಹಾಲನ್ನು ಕೊನೆಗೆ ಯಾರು ಕುಡಿದರು ಅನ್ನುವುದೂ ಇರಲಿ.