ತ್ರಿಪಿಟಕವನ್ನು ಎಲ್ಲಿಂದ ಓದಲಾರಂಭಿಸಬೇಕು?

ಪಾಳಿ ಭಾಷೆಯ ಬೌದ್ಧ ಧರ್ಮಗ್ರಂಥಗಳ ಸಂಗ್ರಹವಾದ ತ್ರಿಪಿಟಕವನ್ನು ಮೊದಲ ಸಂಪುಟದಿಂದಲೇ ಓದತೊಡಗಿದರೂ ಬೌದ್ಧರು ಅದನ್ನು ಪವಿತ್ರವೆಂದು ಭಾವಿಸುವುದೇಕೆಂದು ತಿಳಿಯಲಿಲ್ಲ ಎಂದು ನೀವು ಬರೆದಿರುವುದಕ್ಕೆ ಕಾರಣ, ಬಹುಶಃ, ಮೊದಲಲ್ಲಿರುವ ವಿನಯಪಿಟಕ. ಅದು ಸಂಘದ, ಅಂದರೆ ಭಿಕ್ಷು ಸಮುದಾಯದ, ಶಿಸ್ತಿನ ಗ್ರಂಥ. ಭಿಕ್ಷುಗಳಿಗೆ ವಿಧಿಸಿದ 227 ನಿಯಮಗಳು ಗೃಹಸ್ಥ ಓದುಗರಿಗೆ ಶುಷ್ಕವೆನಿಸುವುದು ಸಹಜ.

ಅದನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು 423 ಗಾಥೆಗಳ (ಪದ್ಯಗಳ) ಧಮ್ಮಪದವನ್ನು ದಿನಕ್ಕೊಂದು ವರ್ಗದಂತೆ (ಅಧ್ಯಾಯದಂತೆ), ಸಾಧ್ಯವಾದರೆ ಗಟ್ಟಿಯಾಗಿ ಓದಿ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬರಹಕ್ಕಿಳಿಯುವವರೆಗೆ ಈ ವಚನಗಳು ಕಂಠಪಾಠದಲ್ಲೇ ಉಳಿದು ಬಂದವು. ಸುತ್ತಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಕಾಣುವ ಪುನರುಕ್ತಿಗೂ ಇದರೊಡನೆ ಸಂಬಂಧವಿರುವುದರಿಂದ ಅದನ್ನು ದೋಷವೆಂದು ಎಣಿಸಬೇಡಿ. ಬಳಿಕ ದೀರ್ಘ ಸುತ್ತಗಳ ಸಂಗ್ರಹವಾದ ದೀಘನಿಕಾಯದ ಸಿಗಾಲೋವಾದ ಸುತ್ತವನ್ನು ತೆಗೆದುಕೊಳ್ಳಿ. ಒದ್ದೆ ಬಟ್ಟೆ, ಒದ್ದೆ ಕೂದಲಿನಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ತರುಣನಿಗೆ ಬುದ್ಧನು, ಪೂರ್ವವೆಂದರೆ ತಂದೆತಾಯಿ, ದಕ್ಷಿಣವೆಂದರೆ ಗುರುಗಳು, ಕೆಳದಿಕ್ಕೆಂದರೆ ಆಳುಕಾಳುಗಳು ಎಂದು ವಿವರಿಸಿ, ಅವರೊಂದಿಗೆ ನಡೆದುಕೊಳ್ಳುವ ಬಗೆಯನ್ನು ತಿಳಿಸುತ್ತಾನೆ. ಗೃಹಸ್ಥರ ಪಾಲಿಗೆ ಗ್ರಂಥದ ಮಹತ್ವ ಇಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತದೆಂಬುದು ನನ್ನ ಅಭಿಪ್ರಾಯ. ಮೂರನೆಯದಾಗಿ ಅಂಗುತ್ತರನಿಕಾಯವೆಂಬ ಇನ್ನೊಂದು ಸಂಗ್ರಹದ ಕಾಲಾಮ ಸುತ್ತ: ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಬೇಡಿರೆಂದು ಗ್ರಂಥವೇ ಹೇಳುತ್ತದೆ.

ನೀವು ಬೈಲಕುಪ್ಪೆಯಲ್ಲಿ ಕಂಡ, ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ಹೊತ್ತಗೆಗಳು ಪ್ರಾಯಶಃ ಟಿಬೆಟನ್ ಬೌದ್ಧರ ಧರ್ಮಗ್ರಂಥ ಸಂಗ್ರಹವಾದ ಕಾಂಗ್ಯೂರ್‌ನವು. ಅದರಲ್ಲಿ ಮಹಾಯಾನ ಪಂಥದ ಸೂತ್ರಗಳೂ ತಂತ್ರ ಗ್ರಂಥಗಳೂ ಸೇರಿರುವುದರಿಂದ ಪಾಳಿ ತ್ರಿಪಿಟಕದೊಡನೆ ಪುಟಕ್ಕೆ ಪುಟ ಹೋಲಿಸಲು ಹೋಗಬೇಡಿ. ವಿನಯಪಿಟಕಕ್ಕೆ ಮರಳುವುದಾದರೆ ಅದರ ಮಹಾವಗ್ಗವೆಂಬ ಭಾಗದಿಂದ ಆರಂಭಿಸಿ. ಬೋಧಿವೃಕ್ಷದ ಕೆಳಗಿನ ದಿನಗಳ ಕಥನ ಅಲ್ಲಿಂದಲೇ ತೊಡಗುತ್ತದೆ.