ನಮ್ಮ ಹಳ್ಳಿಯ ಇತಿಹಾಸ ಹುಡುಕಿಕೊಂಡು ಹಳೆಯ ಗ್ರಂಥಾಲಯಕ್ಕೆ ಹೋದರೆ ಅಲ್ಲಿ ಏನು ಸಿಗುತ್ತದೆ?

ನಿಮ್ಮೂರು ತಿಪಟೂರು ತಾಲ್ಲೂಕಿನ ಹಳ್ಳಿ, ಊರಿನ ಬಗ್ಗೆ ಒಂದು ಪುಸ್ತಕವಾದರೂ ಇರಬೇಕಲ್ಲ, ಯಾರನ್ನು ಏನಂತ ಕೇಳಬೇಕು ಅಂತ ಕೇಳಿದ್ದೀರಿ. ನಮ್ಮದೂ ತುಮಕೂರು ಜಿಲ್ಲೆಯೇ, ತಾಲ್ಲೂಕು ಬೇರೆ. ಹನ್ನೆರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಒಂದು ಹಳೆಯ ಗ್ರಂಥಾಲಯದ ಮೆಟ್ಟಿಲು ಹತ್ತಿದ್ದೆ. "ನಮ್ಮೂರಿನ ಇತಿಹಾಸದ ಪುಸ್ತಕ ಇದೆಯಾ ಸರ್" ಅಂದೆ. ಮೇಜಿನ ಹಿಂದೆ ಕೂತಿದ್ದ ಹಿರಿಯರು ಕನ್ನಡಕ ತೆಗೆದಿಟ್ಟು, "ಪುಸ್ತಕ ಇಲ್ಲಪ್ಪ, ಊರು ಇದೆ. ಎಲ್ಲೆಲ್ಲೋ ಚೂರು ಚೂರಾಗಿ ಬಿದ್ದಿದೆ, ಆರಿಸಿಕೊಳ್ಳಬೇಕು" ಅಂದರು. ಆಗ ಸಿಟ್ಟು ಬಂದಿತ್ತು. ಈಗ ಯಾರಾದರೂ ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ.

ಮೊದಲು ನೋಡಬೇಕಾದ್ದು, 1956ಕ್ಕೆ ಮುಂಚೆ ನಿಮ್ಮೂರು ಯಾರ ಆಡಳಿತದಲ್ಲಿತ್ತು ಅಂತ. ತಿಪಟೂರು ಹಳೇ ಮೈಸೂರು, ಹಾಗಾಗಿ ನಿಮ್ಮ ಕೆಲಸ ಅರ್ಧ ಹಗುರ. ಧಾರವಾಡ, ವಿಜಯಪುರದ ಕಡೆಯವರು ಮುಂಬಯಿ ಪ್ರಾಂತ್ಯದ ದಾಖಲೆ ಹುಡುಕಬೇಕು, ಮರಾಠಿ ದಾಖಲೆಗಳ ಹಳೆಯ ಮೋಡಿ ಲಿಪಿ ಓದುವವರನ್ನೂ ಜೊತೆಗೆ ಹುಡುಕಬೇಕು. ಮಂಗಳೂರಿನವರಿಗೆ ಮದರಾಸು, ಕಲಬುರಗಿಯವರಿಗೆ ಹೈದರಾಬಾದು.

ಕೌಂಟರಿನಲ್ಲಿ ಮೊದಲು ಕೇಳಬೇಕಾದ್ದು 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೇ ಸಂಪುಟ. ಮೈಸೂರು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದ್ದ ಬಿ.ಎಲ್. ರೈಸ್ ಮೈಸೂರು ಸೀಮೆಯ ಶಾಸನಗಳನ್ನು ಜಿಲ್ಲಾವಾರು ಮಾಡಿ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ. 12ನೆಯದು ತುಮಕೂರು ಜಿಲ್ಲೆಯದು. ಒಳಗೆ ತಾಲ್ಲೂಕುವಾರು ನಂಬರು ಹಾಕಿದೆ, ತಿಪಟೂರು 1, ತಿಪಟೂರು 2 ಹೀಗೆ. ಒಂದೇ ಸಂಪುಟದಲ್ಲಿ ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಇವೆ. ಪ್ರತಿ ಶಾಸನದ ತಲೆಯಲ್ಲಿ ಕಲ್ಲು ಎಲ್ಲಿತ್ತು ಅಂತ ಬರೆದಿರುತ್ತದೆ: ಇಂಥ ದೇವಸ್ಥಾನದ ಮುಂದೆ, ಇಂಥವರ ಹೊಲದಲ್ಲಿ, ಕೆರೆ ಏರಿ ಮೇಲೆ. ನನಗೆ ಶಾಸನಕ್ಕಿಂತ ಈ ಒಂದು ಸಾಲೇ ಹೆಚ್ಚು ರುಚಿ. ನೂರಿಪ್ಪತ್ತು ವರ್ಷದ ಹಿಂದೆ ನಿಮ್ಮೂರಲ್ಲಿ ಆ ಹೊಲ ಯಾರದ್ದು ಅನ್ನುವುದು ಕೆಲವೊಮ್ಮೆ ಅಲ್ಲೇ ಸಿಕ್ಕಿಬಿಡುತ್ತದೆ.

ಅದರಲ್ಲಿ ನಿಮ್ಮೂರ ಹೆಸರಿಲ್ಲ ಅಂದರೆ ಎದ್ದು ಬರಬೇಡಿ. ಬೆಂಗಳೂರಿನ ಬೇಗೂರಿನ ಕಲ್ಲನ್ನೇ ತಗೊಳ್ಳಿ. 'ಬೆಂಗಳೂರ ಕಾಳಗ' ಅಂತ ಬೆಂಗಳೂರಿನ ಹೆಸರಿರುವ ಒಂಬತ್ತನೇ ಶತಮಾನದ ವೀರಗಲ್ಲು ರೈಸನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಬೆಳಕಿಗೆ ತಂದವರು ಆತನ ನಂತರ ಪುರಾತತ್ವ ಇಲಾಖೆ ನೋಡಿಕೊಂಡ ಆರ್. ನರಸಿಂಹಾಚಾರ್ಯರು, 1915ರ ಸುಮಾರಿಗೆ. ಆದ್ದರಿಂದ ಸಂಪುಟದ ಜೊತೆಗೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ತೆಗೆಸಿಕೊಳ್ಳಿ.

ಎಲ್ಲರೂ ಮರೆಯುವ ಇನ್ನೊಂದು ಕಪಾಟಿದೆ: ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ನಡಾವಳಿ. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲಿ ಶುರುವಾದ ಸಭೆ ಅದು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಇಂಥ ಕೆರೆ ಏರಿ ಒಡೆದಿದೆ, ಇಂಥ ಹಳ್ಳಕ್ಕೆ ಸೇತುವೆ ಬೇಕು, ಸಂತೆಗೆ ನೆರಳಿಲ್ಲ, ಕಂದಾಯ ಹೆಚ್ಚಾಯಿತು. ಸರ್ಕಾರದ ಉತ್ತರವೂ ಪಕ್ಕದಲ್ಲೇ ಅಚ್ಚಾಗಿದೆ. ಶಾಸನದಲ್ಲಿ ಸಾಯುವವರು, ದಾನ ಕೊಡುವವರು ಸಿಗುತ್ತಾರೆ. ಬದುಕುತ್ತಿರುವ ಊರು ಸಿಗುವುದು ಈ ಪುಟಗಳಲ್ಲಿ. ದೂಳು ವಿಪರೀತ, ಕರವಸ್ತ್ರ ಇರಲಿ. ನಮ್ಮ ಹೋಬಳಿಯ ಒಂದು ಕೆರೆ ತೂಬಿನ ಅಹವಾಲು ವರ್ಷ ವರ್ಷ ಬಂದು, "ಪರಿಶೀಲನೆಯಲ್ಲಿದೆ" ಅನ್ನುವ ಉತ್ತರವೇ ವರ್ಷ ವರ್ಷ ಸಿಕ್ಕಿದ್ದನ್ನು ಓದಿ ಒಬ್ಬನೇ ಕೂತು ನಕ್ಕಿದ್ದೇನೆ. ತೂಬು ಇವತ್ತಿಗೂ ಸೋರುತ್ತದೆ.

ಗೆಜೆಟಿಯರುಗಳು, ಅಂದರೆ ಸೀಮೆಯ ವಿವರ ಕೊಡುವ ಸರ್ಕಾರಿ ಗ್ರಂಥಗಳು, ಹೇಗೂ ಗೊತ್ತಿರಬಹುದು, ರೈಸನದ್ದು ಒಂದು, ಆಮೇಲೆ ಹಯವದನರಾಯರದ್ದು. ಹಳ್ಳಿ ಮಟ್ಟಕ್ಕೆ ಅವು ಇಳಿಯುವುದು ಕಡಿಮೆ. ಊರವರ ಬಾಯಿಮಾತು ಬರೆದಿಟ್ಟ ಕೈಫಿಯತ್ತುಗಳು ಹಾಗಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಮುಂದೆ ಕರ್ನಲ್ ಆದ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಕಾವಲಿ ವೆಂಕಟ ಬೋರಯ್ಯನಂಥ ಸಹಾಯಕರು ಊರೂರು ತಿರುಗಿ ಸ್ಥಳೀಯರು ಹೇಳಿದ್ದನ್ನು ಬರೆಸಿಕೊಂಡರು. ಯಾವ ಪಾಳೆಯಗಾರ, ಯಾರು ಕೋಟೆ ಕಟ್ಟಿಸಿದ, ದೇವರು ಎಲ್ಲಿಂದ ಬಂದ, ಎಲ್ಲ ಕಲಸುಮೇಲೋಗರ. ಅಕ್ಷರಶಃ ನಂಬಬೇಡಿ, ತಳ್ಳಿಹಾಕಲೂ ಬೇಡಿ. ಮೂಲ ಪ್ರತಿಗಳು ಚೆನ್ನೈ, ಲಂಡನ್ನುಗಳಲ್ಲಿ ಹಂಚಿಹೋಗಿವೆ. ಕನ್ನಡದವುಗಳನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಪುಸ್ತಕವಾಗಿ ತಂದಿದೆ, ಅದು ಸಾಕು.

ಇನ್ನು ಓಲೆಗರಿ. ಎಲ್ಲರ ಕಣ್ಣೂ ಅದರ ಮೇಲೇ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದೂ ಒಂದು ಓಲೆಗರಿ ಕಟ್ಟಿನಲ್ಲೇ. 1909ರಲ್ಲಿ ಅದು ಅಚ್ಚಾಯಿತು. ಆದರೆ ನಿಮ್ಮೂರ ಕಥೆ ಬರೆದ ಓಲೆ ಸಿಗುತ್ತದೆ ಅಂತ ಹೋದರೆ ನಿರಾಸೆಯೇ. ಹೆಚ್ಚಿನವು ಪುರಾಣ, ಕಾವ್ಯ, ವೈದ್ಯ, ಜ್ಯೋತಿಷ. ಊರು ಇರುವುದು ಕೊನೆಯ ಗರಿಯಲ್ಲಿ. ಕಂಟ ಅನ್ನುವ ಕಬ್ಬಿಣದ ಮೊನೆಯಲ್ಲಿ ಕೊರೆದು ಕೊರೆದು ಸುಸ್ತಾದವನು, ಬೆನ್ನು ಬಾಗಿ ಕತ್ತು ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಅಂತ ಒಂದು ಶ್ಲೋಕ ಹಾಕಿ, ಸಂವತ್ಸರ, ಮಾಸ, ತನ್ನ ಹೆಸರು, ಊರ ಹೆಸರು ಬರೆದಿರುತ್ತಾನೆ. ಹಸ್ತಪ್ರತಿ ಸೂಚಿಗಳಲ್ಲಿ ಈ ಕೊನೆಯ ಸಾಲುಗಳನ್ನು ಕೊಟ್ಟಿದ್ದರೆ ಬರೀ ಅವನ್ನೇ ಓದುತ್ತಾ ಹೋಗಿ. ಒಂದು ಎಚ್ಚರ: ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಬರೀ 'ವಿಳಂಬಿ' ಅಂತಿದ್ದರೆ ಅದು 1778 ಇರಬಹುದು, 1838 ಇರಬಹುದು, 1898ಕ್ಕೂ ಅದೇ ಹೆಸರು. ಶಕವರ್ಷ ಕೊಟ್ಟಿದ್ದರೆ 78 ಕೂಡಿ. ಶಕ 1700 ಅಂದರೆ 1778-79, ಮುಗಿಯಿತು. ಕನ್ನಡದ ಓಲೆಗಳಿಗೆ ಮೈಸೂರಿನಲ್ಲೇ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ ಹೋಗಿ.

ನಮ್ಮ ಮನೆ ಅಟ್ಟದಲ್ಲೂ ಒಂದು ಕಟ್ಟು ಇತ್ತಂತೆ, ಕೆಂಪು ಬಟ್ಟೆ ಸುತ್ತಿ ನವರಾತ್ರಿಯಲ್ಲಿ ಅರಿಶಿನ ಕುಂಕುಮ ಹಾಕುತ್ತಿದ್ದರು. ಓದುವವರಿಲ್ಲ ಅಂತ ಅಜ್ಜಿ ಹೊಳೆಗೆ ಬಿಟ್ಟರು, ಭಕ್ತಿಯಿಂದಲೇ. ನಿಮ್ಮಲ್ಲಿ ಇದ್ದರೆ ಬಿಡಬೇಡಿ.

ಹಳೇ ಕಾಲದ ಲೆಕ್ಕದ ಪುಸ್ತಕವಾದ ಕಡತ ಸಿಕ್ಕರೆ ಒಮ್ಮೆ ಮುಟ್ಟಿ ನೋಡಲು ಅನುಮತಿ ಕೇಳಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಹಿಂದೆ ಮುಂದೆ ಮಡಿಚಿ, ಎರಡು ತುದಿಗೂ ಹಲಗೆ ಕೂಡಿಸಿದ್ದು. ಬರವಣಿಗೆ ಬಿಳಿ ಬಳಪದಲ್ಲಿ. ಲೆಕ್ಕ ಮುಗಿದರೆ ಒರೆಸಿ ಮತ್ತೆ ಬರೆಯಬಹುದು. ಹಾಗಾಗಿ ಎಷ್ಟು ಊರಿನ ಲೆಕ್ಕ ಅಳಿಸಿಹೋಯಿತೋ! ಇವತ್ತು ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತಾರಲ್ಲ, ಇದರಿಂದ ಬಂದಿದ್ದೇ.

ಜಮೀನು, ಸರ್ವೆ ನಂಬರು, ಇನಾಂ ವಿಚಾರಕ್ಕೆ ಗ್ರಂಥಾಲಯ ಬೇಡ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಅದರ ಕಥೆ ಬೇರೆ.

ಹೋಗುವಾಗ ಪೆನ್ಸಿಲ್ ಒಯ್ಯಿರಿ, ಹಸ್ತಪ್ರತಿ ವಿಭಾಗಗಳಲ್ಲಿ ಪೆನ್ನು ಬಿಡುವುದಿಲ್ಲ. ಒಂದು ಪರಿಚಯ ಪತ್ರ, ಗುರುತಿನ ಚೀಟಿಯ ಜೆರಾಕ್ಸ್ ಇರಲಿ. ಫೋಟೋ ತೆಗೆಯುವ ಮುಂಚೆ ಕೇಳಿ, ನಾನು ಕೇಳದೆ ಬೈಸಿಕೊಂಡಿದ್ದೇನೆ. ರೈಸನ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಇವೆ, ಮೊದಲು ಮನೆಯಲ್ಲೇ ನೋಡಿ ಶಾಸನದ ನಂಬರು ಬರೆದುಕೊಂಡು ಹೊರಡಿ.

ನಂಬರು ಸಿಕ್ಕ ಮೇಲೆ ಒಂದು ಭಾನುವಾರ ಕಲ್ಲನ್ನೇ ಹುಡುಕಿಕೊಂಡು ಹೋಗಿ. ನಾನು ಹೋದಾಗ ಪುಸ್ತಕದಲ್ಲಿದ್ದ "ಕೆರೆ ಏರಿ ಹತ್ತಿರ" ಅನ್ನುವ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕಲ್ಲು ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಬೌಲರು ಓಡಿಬಂದು ಚೆಂಡು ಹಾಕಿದ, ಅದು ವಿಕೆಟ್ಟಿಗೆ ಠಣ್ಣಂತ ಬಡಿಯಿತು. ಹತ್ತಿರ ಹೋಗಿ ನೋಡುತ್ತೇನೆ, ಸೀಮೆಸುಣ್ಣದಲ್ಲಿ ಎಳೆದ ಮೂರು ಗೀಟಿನ ಕೆಳಗೆ ಹಳಗನ್ನಡದ ನಾಲ್ಕು ಸಾಲು.