ತಲೆ ಸುತ್ತಿಸುವ ವಿಆರ್, ಮುಗಿಯದ ‘ಇದೊಂದು ಮ್ಯಾಚ್’

ಪ್ರಶ್ನೆ: ಗೆಳೆಯನ ರೂಮಿನಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಇದೆ, ಕಣ್ಣಿಗೆ ಕಟ್ಟಿಕೊಂಡರೆ ಆಟದೊಳಗೇ ಇದ್ದಂತೆ ಕಾಣುತ್ತದೆ. ಕಾರ್ ರೇಸ್ ಶುರು ಮಾಡಿ ಐದು ನಿಮಿಷಕ್ಕೇ ತಲೆ ಸುತ್ತಿ ವಾಕರಿಕೆ ಬರುತ್ತದೆ. ‘ತಡ್ಕೊಂಡು ಆಡು, ಅಭ್ಯಾಸ ಆಗುತ್ತೆ’ ಅಂತಾನೆ ಅವನು. ನಿಜವೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಅಭ್ಯಾಸವಾಗುವುದು ನಿಜ. ತಡೆದುಕೊಂಡು ಆಡಬೇಕು ಎನ್ನುವುದು ತಪ್ಪು ಸಲಹೆ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತರೆ ಹೊಟ್ಟೆ ತೊಳಸುತ್ತದಲ್ಲ, ಇದು ಅದರದೇ ತಿರುವುಮುರುವು. ಬಸ್ಸಿನ ತಿರುವು ಒಳಕಿವಿಗೆ ಗೊತ್ತಾಗುತ್ತದೆ, ಮೊಬೈಲಿನಲ್ಲಿ ನೆಟ್ಟ ಕಣ್ಣಿಗೆ ಗೊತ್ತಾಗುವುದಿಲ್ಲ. ವಿಆರ್‌ನಲ್ಲಿ ಕಣ್ಣು ‘ಓಡುತ್ತಿದ್ದೇವೆ’ ಎಂದರೆ ಒಳಕಿವಿ ‘ಕುರ್ಚಿಯಲ್ಲೇ ಇದ್ದೇವೆ’ ಎನ್ನುತ್ತದೆ. ಎರಡೂ ತಾಳೆಯಾಗದೆ ವಾಕರಿಕೆ ಬರುತ್ತದೆ.

ವಾಂತಿ ಬರುವ ತನಕ ಹಟ ಹಿಡಿದು ಆಡಿದರೆ, ಕೆಲವರಿಗೆ ಆಮೇಲೆ ಹೆಡ್‌ಸೆಟ್ಟಿನ ಸ್ಪಂಜಿನ ವಾಸನೆಗೇ ಹೊಟ್ಟೆ ತೊಳಸತೊಡಗುತ್ತದೆ. ಹಾಗಾಗಿ ಆಕಳಿಕೆ, ಬಾಯಲ್ಲಿ ನೀರೂರುವುದು, ಹಣೆಯ ಬೆವರು ಶುರುವಾದ ಕೂಡಲೇ ತೆಗೆದಿಡಿ. ಪೂರ್ತಿ ಸರಿಹೋಗುವವರೆಗೆ ಬೈಕ್ ಕೂಡ ಹತ್ತಬೇಡಿ. ಮರುದಿನ ಐದು ನಿಮಿಷಕ್ಕಿಂತ ಕಡಿಮೆ ಆಡಿ, ತೊಂದರೆಯಾಗದಿದ್ದರೆ ದಿನಕ್ಕೆ ಒಂದೆರಡು ನಿಮಿಷ ಏರಿಸಿ. ಘಾಟಿ ಪ್ರಯಾಣಕ್ಕೆ ನುಂಗುವ ಮಾತ್ರೆ ಬೇಡ, ಅದು ತೂಕಡಿಕೆ ತರುತ್ತದೆ.

ಮೊದಲಿಗೇ ಕಾರ್ ರೇಸ್ ಹಿಡಿದದ್ದೂ ಎಡವಟ್ಟು. ‘ಬೀಟ್ ಸೇಬರ್’ ತರಹ ನಿಂತಲ್ಲೇ ಕೈ ಬೀಸುವ ಆಟದಿಂದ ಶುರು ಮಾಡಿ. ನಡೆದಾಡುವ ಆಟವಾದರೆ ಸೆಟ್ಟಿಂಗ್ಸ್‌ನಲ್ಲಿ ‘ಟೆಲಿಪೋರ್ಟ್’ (ನಡೆಯದೆ ಜಾಗದಿಂದ ಜಾಗಕ್ಕೆ ನೆಗೆಯುವುದು) ಆರಿಸಿ, ‘ಸ್ನ್ಯಾಪ್ ಟರ್ನ್’ (ನಿಧಾನವಾಗಿ ಸುತ್ತದೆ ಒಮ್ಮೆಗೇ ತಿರುಗುವುದು) ಅನ್ನು 30 ಅಥವಾ 45 ಡಿಗ್ರಿಗೆ ಇಡಿ. ‘ವಿನ್ಯೆಟ್’ ಇದ್ದರೆ ಆನ್ ಮಾಡಿ. ಚಲಿಸುವಾಗ ಚಿತ್ರದ ಅಂಚು ಕಪ್ಪಾಗುತ್ತದೆ. ಓಡುತ್ತಿರುವ ಭ್ರಮೆ ಹೆಚ್ಚಾಗಿ ಹುಟ್ಟುವುದು ಅಂಚಿನ ನೋಟದಿಂದಲೇ. ಎದುರಿಗೊಂದು ಫ್ಯಾನ್ ಇದ್ದರೆ ದೇಹಕ್ಕೆ ದಿಕ್ಕಿನ ಗುರುತು ಸಿಗುತ್ತದೆ.

ಹೆಡ್‌ಸೆಟ್ಟಿನ ಎರಡು ಲೆನ್ಸ್‌ಗಳ ನಡುವಿನ ಅಂತರ ನಿಮ್ಮ ಪಾಪೆಗಳ ನಡುವಿನ ಅಂತರಕ್ಕೆ ತಾಳೆಯಾಗಬೇಕು, ಗೆಳೆಯನ ಕಣ್ಣಿಗೆ ಹೊಂದಿಸಿದ್ದು ನಿಮಗೆ ಹೊಂದದೆಯೂ ಇರಬಹುದು. ಕನ್ನಡಿಯಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ ನಿಂತು ಹುಬ್ಬಿಗೆ ಸ್ಕೇಲ್ ಒತ್ತಿ ಹಿಡಿಯಿರಿ. ಬಲಗಣ್ಣು ಮುಚ್ಚಿ, ಎಡ ಪಾಪೆಯ ನಡುವಿಗೆ ಸೊನ್ನೆ ಹೊಂದಿಸಿ. ತಲೆ, ಸ್ಕೇಲ್ ಅಲ್ಲಾಡಿಸದೆ ಎಡಗಣ್ಣು ಮುಚ್ಚಿ, ಬಲ ಪಾಪೆಯ ನಡುವಿನ ಅಂಕಿ ಓದಿ. ಅದೇ ನಿಮ್ಮ ಪಾಪೆಗಳ ಅಂತರ, ವಯಸ್ಕರಲ್ಲಿ ಇದು ಸರಾಸರಿ 63 ಮಿಲಿಮೀಟರ್. ಕ್ವೆಸ್ಟ್ 2 ಹೆಡ್‌ಸೆಟ್ಟಿನಲ್ಲಿ ಲೆನ್ಸ್‌ಗಳಿಗೆ 58, 63, 68 ಎಂಬ ಮೂರೇ ಜಾಗಗಳಿವೆ, ನಿಮ್ಮ ಅಳತೆಗೆ ಹತ್ತಿರದ್ದಕ್ಕೆ ಸರಿಸಿ. ಮೊಬೈಲ್ ತೂರಿಸುವ ಅಗ್ಗದ ಡಬ್ಬಿಯಾಗಿದ್ದರೆ ಇಷ್ಟೆಲ್ಲ ಕಷ್ಟಪಡಬೇಡಿ. ಅದು ತಲೆ ತಿರುಗಿಸಿದ್ದನ್ನಷ್ಟೇ ಗುರುತಿಸುತ್ತದೆ, ಮುಂದಕ್ಕೆ ಬಾಗಿದ್ದು ಅದಕ್ಕೆ ತಿಳಿಯುವುದೇ ಇಲ್ಲ, ಹಾಗಾಗಿ ಕಣ್ಣು, ಒಳಕಿವಿಯ ತಾಳೆ ಅಲ್ಲಿ ತಪ್ಪುತ್ತಲೇ ಇರುತ್ತದೆ.

ಪ್ರಶ್ನೆ: ಪಿಯುಸಿ ಓದುವ ಮಗ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಾನೆ. ಊಟಕ್ಕೆ ಕರೆದರೆ ‘ಇದೊಂದು ಮ್ಯಾಚ್ ಅಮ್ಮ’ ಅಂತಾನೆ. ವೈಫೈ ಆರಿಸಿದರೆ ಕೂಗಾಡುತ್ತಾನೆ. ಇದು ಚಟವೇ?
– ತಾಯಿ, ಮೂಡಿಗೆರೆ

ಉತ್ತರ: ಕೂಗಾಟ ಒಂದರಿಂದಲೇ ಚಟ ಎನ್ನಲಾಗದು. ಇಂಥ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಬಿಟ್ಟರೆ ರ‍್ಯಾಂಕ್ ಇಳಿಯುತ್ತದೆ, ತಂಡದ ಗೆಳೆಯರಿಂದ ಬೈಗುಳ ಬೇರೆ. ‘ಎಂಟೂವರೆಗೆ ನಿಲ್ಲಿಸು’ ಎನ್ನುವ ಬದಲು ‘ಊಟಕ್ಕೆ ಮುಂಚೆ ಎರಡು ಮ್ಯಾಚ್’ ಎಂದು ಮೊದಲೇ ಮಾತಾಡಿಕೊಳ್ಳಿ. ಊಟಕ್ಕೆ ಅರ್ಧ ಗಂಟೆಯಿರುವಾಗ ಹೊಸ ಮ್ಯಾಚ್ ಶುರುವಾಗದಂತೆ ನೋಡಿಕೊಳ್ಳಿ. ವೈಫೈ ಆರಿಸುವುದು ಬೇಡ.

ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಗುರುತಿಸಲು ಗಂಟೆ ಎಣಿಸುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೊದಲಾಗಿರಬೇಕು, ಓದು, ನಿದ್ದೆ, ಸಂಬಂಧ ಕೆಡುತ್ತಿದ್ದರೂ ಬಿಡಲಾಗದಿರಬೇಕು. ಸಾಮಾನ್ಯವಾಗಿ ಇದು 12 ತಿಂಗಳಾದರೂ ಕಂಡಿರಬೇಕು. ಹಾಗನ್ನಿಸಿದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್ ಕ್ಲಿನಿಕ್’ ಇದೆ.